ಅಬ್ರಹಾಮನ ಕೈಬರಹವೆಂದ ಸುರುಳಿಯಲ್ಲಿ ನಿಜಕ್ಕೂ ಇರುವುದೇನು?

ಪ್ರಶ್ನೆ: ನನ್ನ ಸಹೋದ್ಯೋಗಿಯೊಬ್ಬರು ಮಾರ್ಮನ್ ಪಂಥದವರು, ತುಂಬ ಒಳ್ಳೆಯ ಮನುಷ್ಯ. ಅವರ ಧರ್ಮಗ್ರಂಥಗಳಲ್ಲಿ ಒಂದು ಚಿನ್ನದ ತಗಡುಗಳಿಂದಲೂ ಇನ್ನೊಂದು ಈಜಿಪ್ಟಿನ ಪಪೈರಸ್ ಸುರುಳಿಯಿಂದಲೂ ಅನುವಾದವಾದದ್ದು ಎಂದು ಅವರು ಹೇಳಿದರು. ಆ ಸುರುಳಿ ಬೆಂಕಿಯಲ್ಲಿ ಸುಟ್ಟುಹೋಯಿತೆಂದು ಒಂದು ಕಡೆ ಓದಿದೆ, ವಸ್ತುಸಂಗ್ರಹಾಲಯದಲ್ಲಿ ಸಿಕ್ಕಿತೆಂದು ಮತ್ತೊಂದು ಕಡೆ ಓದಿದೆ. ಈ ಗ್ರಂಥಗಳ ಮೂಲವನ್ನು ಸಂಶಯಿಸಲು ಗಟ್ಟಿಯಾದ ಆಧಾರಗಳಿವೆಯೇ, ಅಥವಾ ಇದೆಲ್ಲ ಬೇರೆ ಪಂಥಗಳವರ ಅಪಪ್ರಚಾರವೇ? ಅವರ ಮನಸ್ಸು ನೋಯದಂತೆ ಇದನ್ನು ಮಾತನಾಡುವುದು ಸಾಧ್ಯವೇ?
— ಬೆಂಗಳೂರಿನ ಓದುಗರೊಬ್ಬರು

ಉತ್ತರ: ತಾವು ಓದಿದ ಎರಡೂ ಮಾತುಗಳು ನಿಜ. ಸುರುಳಿಗಳಲ್ಲಿ ಒಂದು ಪಾಲು 1871ರ ಶಿಕಾಗೋ ಮಹಾ ಅಗ್ನಿದುರಂತದಲ್ಲಿ ಸುಟ್ಟುಹೋಯಿತೆಂದೇ ನಂಬಲಾಗಿದೆ. ಉಳಿದ ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಸಿಕ್ಕಿ, 1967ರಲ್ಲಿ ಮಾರ್ಮನ್ ಸಭೆಯ, ಅಂದರೆ ಆ ಪಂಥದ ಚರ್ಚಿನ ಕೈ ಸೇರಿದವು. ಸಂಶಯಕ್ಕೆ ಗಟ್ಟಿಯಾದ ಆಧಾರವಿದೆಯೇ ಎಂದರೆ, ಇದೆ. ಅದರ ಮುಖ್ಯ ಭಾಗವನ್ನು ಸಭೆಯೇ ತನ್ನ ಪ್ರಕಟಣೆಯಲ್ಲಿ ಒಪ್ಪಿಕೊಂಡಿರುವುದರಿಂದ ಎಲ್ಲವನ್ನೂ ಅಪಪ್ರಚಾರವೆಂದು ತಳ್ಳಿಹಾಕಲು ಬರುವುದಿಲ್ಲ.

ಇಂತಹ ಚರ್ಚೆಗಳು ಸಾಮಾನ್ಯವಾಗಿ ಚಿನ್ನದ ತಗಡುಗಳಿಂದ ಶುರುವಾಗಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತವೆ. ಮೊರೋನಿ ಎಂಬ ದೇವದೂತನ ಸೂಚನೆಯಂತೆ 1827ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಗುಡ್ಡದಿಂದ ತಗಡುಗಳನ್ನು ಹೊರತೆಗೆದೆನೆಂದು ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಹೇಳಿದನು. ಅದರ ಅನುವಾದವೆಂದು ‘ಮಾರ್ಮನ್ ಗ್ರಂಥ’ವು 1830ರ ಮಾರ್ಚಿನಲ್ಲಿ ಪಾಲ್ಮೈರಾ ಊರಿನ ಮುದ್ರಣಾಲಯದಿಂದ ಹೊರಬಂದಿತು. ತಗಡುಗಳನ್ನು ದೇವದೂತನು ಹಿಂದಕ್ಕೆ ಕೊಂಡೊಯ್ದನೆಂದು ಕಥೆ ಮುಗಿಯುವುದರಿಂದ, ಮೂಲವನ್ನು ಪಕ್ಕದಲ್ಲಿಟ್ಟು ಅನುವಾದವನ್ನು ತಾಳೆ ನೋಡುವ ದಾರಿಯೇ ಮುಚ್ಚಿಹೋಗಿದೆ. ಒಬ್ಬನ ಸಾಕ್ಷ್ಯಕ್ಕೆ ಇನ್ನೊಬ್ಬನ ಸಂಶಯ ಎದುರಾಗಿ ವಾದ ನಿಂತಲ್ಲೇ ನಿಲ್ಲುತ್ತದೆ. ಪಪೈರಸ್ ಸುರುಳಿಯಿಂದ ಬಂದದ್ದೆನ್ನುವ, ಬೈಬಲ್ಲಿನ ಮೂಲಪುರುಷನ ಹೆಸರಿನ ‘ಅಬ್ರಹಾಮನ ಗ್ರಂಥ’ದ ವಿಷಯ ಹಾಗಲ್ಲ. ಅದೇ ಮನುಷ್ಯ, ಅದೇ ಬಗೆಯ ದೈವೀಶಕ್ತಿಯಿಂದ ಅನುವಾದಿಸಿದೆನೆಂದ ಆ ಗ್ರಂಥದ ಮೂಲವು ನಮ್ಮ ಕಣ್ಣ ಮುಂದಿದೆ, ಅದನ್ನು ಓದಬಲ್ಲ ವಿದ್ವಾಂಸರೂ ಇದ್ದಾರೆ. ಆದ್ದರಿಂದ ನಾನು ಅದರಿಂದಲೇ ಆರಂಭಿಸುತ್ತೇನೆ.

1835ರ ಜುಲೈಯಲ್ಲಿ ಮೈಕೆಲ್ ಚಾಂಡ್ಲರ್ ಎಂಬ ಪ್ರದರ್ಶನಕಾರನು ನಾಲ್ಕು ಮಮ್ಮಿಗಳನ್ನೂ ಕೆಲವು ಪಪೈರಸ್ ಸುರುಳಿಗಳನ್ನೂ ಹೊತ್ತುಕೊಂಡು, ಸ್ಮಿತ್ ಮತ್ತು ಅವನ ಅನುಯಾಯಿಗಳು ಆಗ ನೆಲೆಸಿದ್ದ ಒಹಾಯೋದ ಕರ್ಟ್‌ಲೆಂಡ್‌ಗೆ ಬಂದನು. ಅವು ಈಜಿಪ್ಟಿನ ಥೀಬ್ಸ್ ಬಳಿ ಆಂಟೋನಿಯೊ ಲೆಬೊಲೊ ಎಂಬಾತನು ಅಗೆದು ತೆಗೆದ ಸರಕು. ಸ್ಮಿತ್‌ನ ಕಡೆಯವರು ಹಣ ಒಟ್ಟುಗೂಡಿಸಿ 2,400 ಡಾಲರ್ ತೆತ್ತು ಎಲ್ಲವನ್ನೂ ಕೊಂಡರು. ಆ ಕಾಲಕ್ಕೆ ಇದು ಸಣ್ಣ ಮೊತ್ತವಲ್ಲ. ಸುರುಳಿಗಳಲ್ಲಿ ಒಂದರಲ್ಲಿ ಅಬ್ರಹಾಮನ ಬರಹಗಳೂ ಇನ್ನೊಂದರಲ್ಲಿ ಐಗುಪ್ತಕ್ಕೆ (ಈಜಿಪ್ಟಿಗೆ) ಹೋದ ಯೋಸೇಫನ ಬರಹಗಳೂ ಇವೆ ಎಂದು ಸ್ಮಿತ್ ಸಾರಿದನು. ಶಾಂಪೋಲಿಯನ್ ಪ್ಯಾರಿಸಿನಲ್ಲಿ ಈಜಿಪ್ಟಿನ ಚಿತ್ರಲಿಪಿಯ ಗುಟ್ಟನ್ನು ಬಿಡಿಸಿದ್ದು 1822ರಲ್ಲಿ. ಆ ವಿದ್ಯೆ ಒಹಾಯೋದ ಹಳ್ಳಿಗಾಡನ್ನು ಇನ್ನೂ ತಲುಪಿರಲಿಲ್ಲವಾದ್ದರಿಂದ, ಸ್ಮಿತ್‌ನ ಮಾತನ್ನು ಒರೆಗೆ ಹಚ್ಚಬಲ್ಲವರು ಸುತ್ತಮುತ್ತ ಯಾರೂ ಇರಲಿಲ್ಲ.

ಅನುವಾದವು 1842ರಲ್ಲಿ, ಇಲಿನಾಯ್ ರಾಜ್ಯದ ನಾವೂ ಪಟ್ಟಣದಲ್ಲಿ ಸಭೆಯ ಪತ್ರಿಕೆಯ ಮೂಲಕ ಕಂತುಗಳಾಗಿ ಪ್ರಕಟವಾಯಿತು. ಜೊತೆಗೆ ಸುರುಳಿಗಳಿಂದ ನಕಲು ಮಾಡಿಸಿದ ಮೂರು ಚಿತ್ರಗಳು ಅಚ್ಚಾದವು. ಚಿತ್ರದ ಪ್ರತಿ ಆಕೃತಿಗೂ ಅಂಕಿ ಕೊಟ್ಟು, ಯಾವುದು ಯಾರು ಎಂಬ ವಿವರಣೆಯನ್ನು ಅಡಿಯಲ್ಲಿ ಕೊಡಲಾಗಿತ್ತು. ಇದು ಅಬ್ರಹಾಮನು ಐಗುಪ್ತದಲ್ಲಿದ್ದಾಗ ಪಪೈರಸ್ಸಿನ ಮೇಲೆ ತನ್ನ ಸ್ವಂತ ಕೈಯಿಂದ ಬರೆದದ್ದು ಎಂಬ ತಲೆಬರಹ ಆಗಲೂ ಇತ್ತು, ಇಂದಿನ ಮುದ್ರಣದಲ್ಲೂ ಇದೆ. ಮಮ್ಮಿಗಳು ಮತ್ತು ಸುರುಳಿಗಳು ಸ್ಮಿತ್‌ನ ತಾಯಿಯ ಸುಪರ್ದಿಯಲ್ಲಿದ್ದವು, ನೋಡಬಂದವರಿಂದ ಆಕೆಗೆ ಕಾಲು ಡಾಲರ್ ಸಲ್ಲುತ್ತಿತ್ತು. 1844ರಲ್ಲಿ ನಾವೂಗೆ ಭೇಟಿಯಿತ್ತ ಜೋಸಯಾ ಕ್ವಿನ್ಸಿ ಎಂಬ ಬಾಸ್ಟನ್ನಿನ ಗೃಹಸ್ಥನು, ಸ್ಮಿತ್ ಸುರುಳಿಯ ಕಡೆ ಕೈ ತೋರಿಸಿ ಇದು ಅಬ್ರಹಾಮನದೇ ಕೈಬರಹವೆಂದು ಹೇಳಿದ್ದನ್ನು ಮುಂದೆ ದಾಖಲಿಸಿದ್ದಾನೆ. ಕ್ವಿನ್ಸಿಯ ಪುಸ್ತಕ ಅಚ್ಚಾದದ್ದು ಸುಮಾರು ನಾಲ್ಕು ದಶಕಗಳ ಬಳಿಕ ಎಂಬುದನ್ನು ಮರೆಯಬಾರದು. ಆದರೆ ಗ್ರಂಥದ ತಲೆಬರಹ ಹೇಳುವುದೂ ಅದನ್ನೇ. ಈ ಕೃತಿಯನ್ನು ಮಾರ್ಮನ್ ಸಭೆಯು 1880ರಲ್ಲಿ ಅಧಿಕೃತ ಧರ್ಮಗ್ರಂಥವಾಗಿ ಅಂಗೀಕರಿಸಿತು.

ಸ್ಮಿತ್ 1844ರ ಜೂನಿನಲ್ಲಿ ಕಾರ್ಥೇಜ್ ಸೆರೆಮನೆಯಲ್ಲಿ ಉದ್ರಿಕ್ತ ಗುಂಪಿನ ಗುಂಡಿಗೆ ಬಲಿಯಾದನು. 1856ರಲ್ಲಿ ತಾಯಿಯೂ ತೀರಿಕೊಂಡ ಮೇಲೆ ಅವನ ಹೆಂಡತಿ ಎಮ್ಮಾ ಈ ಸಂಗ್ರಹವನ್ನು ಮಾರಿಬಿಟ್ಟಳು. ಅದರಲ್ಲಿ ಒಂದು ಪಾಲು ಕೈಬದಲಾಗುತ್ತ ಶಿಕಾಗೋ ಸೇರಿ ಬೆಂಕಿಗೆ ಸಿಕ್ಕಿತು. ಇನ್ನೊಂದು ಪಾಲು ಖಾಸಗಿ ಮನೆಯೊಂದರಲ್ಲಿ ಉಳಿದು, 1947ರಲ್ಲಿ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಮಾರಾಟವಾಯಿತು. 1966ರಲ್ಲಿ ಅಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದ ಯೂಟಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಜೀಜ್ ಅತಿಯಾ ಅವರು ತುಣುಕುಗಳ ನಡುವೆ ಅಬ್ರಹಾಮನ ಗ್ರಂಥದಲ್ಲಿ ಅಚ್ಚಾದ ಮೊದಲನೆಯ ಚಿತ್ರದ ಮೂಲವನ್ನು ಕಂಡು ಬೆರಗಾದರು. ಅವು ಸ್ಮಿತ್‌ನ ಬಳಿ ಇದ್ದವುಗಳೇ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಎಮ್ಮಾ ಸಹಿ ಹಾಕಿದ ಮಾರಾಟಪತ್ರ ಜೊತೆಗಿತ್ತು. ತುಣುಕುಗಳನ್ನು ಅಂಟಿಸಿದ್ದ ಕಾಗದದ ಹಿಂಬದಿಯಲ್ಲಿ ಕರ್ಟ್‌ಲೆಂಡ್ ಕಾಲದ ದೇವಾಲಯದ ನಕ್ಷೆಗಳೂ ಒಹಾಯೋ ಪ್ರದೇಶದ ಭೂಪಟವೂ ಇದ್ದವು.

ಇನ್ನು ಅವುಗಳಲ್ಲಿ ಏನು ಬರೆದಿದೆ ಎಂಬ ವಿಷಯ. ಬ್ರೌನ್ ವಿಶ್ವವಿದ್ಯಾಲಯದ ರಿಚರ್ಡ್ ಪಾರ್ಕರ್, ಶಿಕಾಗೋ ವಿಶ್ವವಿದ್ಯಾಲಯದ ಜಾನ್ ವಿಲ್ಸನ್ ಮತ್ತು ಕ್ಲೌಸ್ ಬೇರ್ ಅವರು 1968ರ ಹೊತ್ತಿಗೇ ಇವನ್ನು ಪರಿಶೀಲಿಸಿ ಬರೆದರು. ಮುಂದೆ ಅದೇ ಶಿಕಾಗೋದ ರಾಬರ್ಟ್ ರಿಟ್ನರ್ ಎಲ್ಲ ತುಣುಕುಗಳ ಸಂಪೂರ್ಣ ಅನುವಾದವನ್ನು ಹೊರತಂದರು. ಮೊದಲನೆಯ ಚಿತ್ರವಿರುವ ಸುರುಳಿಯು ಹೋರ್ ಎಂಬ ಥೀಬ್ಸ್‌ನ ಪುರೋಹಿತನಿಗಾಗಿ ಸಿದ್ಧಪಡಿಸಿದ ‘ಉಸಿರಾಟದ ಪತ್ರ’. ಸತ್ತವನು ಪರಲೋಕದಲ್ಲಿ ಮತ್ತೆ ಉಸಿರಾಡಲಿ, ನಡೆದಾಡಲಿ ಎಂದು ಶವದ ಜೊತೆಗಿಡುತ್ತಿದ್ದ ಅಪರಕರ್ಮದ ಬರಹ ಅದು. ಒಳಗೂ ಹೊರಗೂ ಬರೆದ ಈ ಪತ್ರವನ್ನು ನಾರುಬಟ್ಟೆಯಲ್ಲಿ ಸುತ್ತಿ ಮೃತನ ಎಡತೋಳಿನ ಕೆಳಗೆ, ಎದೆಯ ಹತ್ತಿರ ಇರಿಸಬೇಕು ಎಂಬ ವಿಧಿ ಅದರಲ್ಲೇ ಇದೆ. ಮೃತನ ಹೆಸರು, ಅವನ ತಾಯಿಯ ಹೆಸರು ಸಹ ಇವೆ. ಅಬ್ರಹಾಮನ ಹೆಸರು ಎಲ್ಲಿಯೂ ಇಲ್ಲ. ಸುರುಳಿ ಟಾಲೆಮಿ ದೊರೆಗಳ ಕಾಲದ್ದು, ಅಂದರೆ ಸಂಪ್ರದಾಯವು ಅಬ್ರಹಾಮನದೆನ್ನುವ ಕಾಲಕ್ಕಿಂತ ಸಾವಿರದೈನೂರು ವರ್ಷಗಳಿಗೂ ಈಚಿನದು. ಯೋಸೇಫನದೆಂದು ಹೇಳಿದ ಸುರುಳಿಯು ಒಬ್ಬ ಹೆಂಗಸಿನ ಶವದ ಜೊತೆಗಿಟ್ಟಿದ್ದ ‘ಮೃತರ ಗ್ರಂಥ’ದ ಪ್ರತಿ.

ಮೊದಲನೆಯ ಚಿತ್ರದಲ್ಲಿ ಸಿಂಹಾಕಾರದ ಮಂಚದ ಮೇಲೆ ಒಬ್ಬನು ಮಲಗಿದ್ದಾನೆ, ಪಕ್ಕದಲ್ಲಿ ಒಬ್ಬನು ನಿಂತಿದ್ದಾನೆ. ವಿಗ್ರಹಾರಾಧಕ ಪುರೋಹಿತನು ಅಬ್ರಹಾಮನನ್ನು ಬಲಿ ಕೊಡಲು ಹೊರಟ ದೃಶ್ಯವಿದು ಎಂದು ಸ್ಮಿತ್ ವಿವರಿಸಿದನು. ಈಜಿಪ್ಟಿನ ಗುಡಿಗೋಡೆಗಳಲ್ಲಿಯೂ ಶವಪೆಟ್ಟಿಗೆಗಳ ಮೇಲೂ ಸಾಕಷ್ಟು ಕಾಣಸಿಗುವ ಚಿತ್ರವಿದು. ಮಲಗಿರುವವನು ಮರುಜೀವ ಪಡೆಯುತ್ತಿರುವ, ಮೃತರ ಲೋಕದ ದೇವ ಒಸಿರಿಸ್, ಇಲ್ಲಿ ಅವನೊಡನೆ ಒಂದಾಗಿ ಭಾವಿಸಿದ ಹೋರ್. ನಿಂತಿರುವವನು ನರಿಮುಖದ ಅನೂಬಿಸ್ ದೇವ. ಮಂಚದ ಕೆಳಗಿನ ನಾಲ್ಕು ಕುಡಿಕೆಗಳನ್ನು ಸ್ಮಿತ್ ಎಲ್ಕೇನಾ, ಲಿಬ್ನಾ, ಮಾಮಕ್ರಾ, ಕೋರಾಷ್ ಎಂಬ ವಿಗ್ರಹಗಳೆಂದು ಕರೆದನು. ಅವು ಶವದಿಂದ ತೆಗೆದ ಒಳಾಂಗಗಳನ್ನು ಇಡುವ ಕುಡಿಕೆಗಳು. ಮುಚ್ಚಳಗಳ ಮೇಲಿರುವುದು ಹೋರಸ್ ದೇವನ ನಾಲ್ವರು ಮಕ್ಕಳ ತಲೆಗಳು. ಪಪೈರಸ್ಸಿನಲ್ಲಿ ನಿಂತಿರುವವನ ತಲೆಯಿರಬೇಕಾದ ಜಾಗ ಹರಿದುಹೋಗಿದೆ, ಅಂಟಿಸಿದ ಕಾಗದದ ಮೇಲೆ ಯಾರೋ ಅಲ್ಲಿ ಮನುಷ್ಯನ ತಲೆಯನ್ನು ಗೀಚಿದ್ದಾರೆ. ಅಚ್ಚಾದ ಚಿತ್ರದಲ್ಲೂ ಮನುಷ್ಯನ ತಲೆಯೇ ಬಂದಿದೆ. ಹರಿದ ಜಾಗವನ್ನು ಊಹೆಯಿಂದ ತುಂಬಿದಲ್ಲೆಲ್ಲ ಊಹೆ ತಪ್ಪಿರುವುದು ಗಮನಿಸಬೇಕಾದ ಸಂಗತಿ.

ಚಿತ್ರಗಳ ವ್ಯಾಖ್ಯಾನದಲ್ಲಿ ಅಭಿಪ್ರಾಯಭೇದಕ್ಕೆ ಎಡೆಯಿದೆ ಎಂದು ಸಮರ್ಥಕರು ಹೇಳುವುದುಂಟು. ಅದಕ್ಕಾಗಿಯೇ ನಾನು ಯಾವಾಗಲೂ ಮೂರನೆಯ ಚಿತ್ರವನ್ನು ಮುಂದಿಡುತ್ತೇನೆ. ಅಲ್ಲಿ ಸ್ಮಿತ್ ಚಿತ್ರವನ್ನು ವ್ಯಾಖ್ಯಾನಿಸಿದ್ದಷ್ಟೇ ಅಲ್ಲದೆ, ಅಕ್ಷರಗಳನ್ನು ಓದಿ ಹೇಳಿದ್ದಾನೆ. ಐದು ಆಕೃತಿಗಳಿರುವ ಈ ಚಿತ್ರದಲ್ಲಿ ಸಿಂಹಾಸನದ ಮೇಲೆ ಕುಳಿತವನು ಅಬ್ರಹಾಮ, ಅವನ ಹಿಂದೆ ನಿಂತಿರುವುದು ಫರೋಹ ರಾಜ, ಅವನ ಹೆಸರು ತಲೆಯ ಮೇಲಿನ ಅಕ್ಷರಗಳಲ್ಲಿದೆ ಎಂದು ವಿವರಣೆ ಹೇಳುತ್ತದೆ. ಎದುರಿಗಿರುವುದು ಫರೋಹನ ರಾಜಕುಮಾರ, ಅದೂ ಕೈಯ ಮೇಲ್ಗಡೆ ಬರೆದಿದೆ. ಅನಂತರ ಶೂಲೆಮ್ ಎಂಬ ಅರಮನೆಯ ಪರಿಚಾರಕ, ಅವನ ವಿಷಯವೂ ಅಕ್ಷರಗಳಲ್ಲೇ ಇದೆ. ಕೊನೆಗೆ ಓಲಿಮ್ಲಾ ಎಂಬ ಗುಲಾಮ. ಈಗ ಆ ಅಕ್ಷರಗಳನ್ನು ಓದಬಲ್ಲವರು ಓದಿದರೆ, ‘ಫರೋಹ ರಾಜ’ನ ತಲೆಯ ಮೇಲಿರುವುದು ಐಸಿಸ್ ದೇವಿಯ ಹೆಸರು, ‘ರಾಜಕುಮಾರ’ನ ಬಳಿ ಇರುವುದು ಮಾಆತ್ ದೇವಿಯ ಹೆಸರು, ‘ಪರಿಚಾರಕ ಶೂಲೆಮ್’ ಇರುವಲ್ಲಿ ಬರೆದಿರುವುದು ಅದೇ ಮೃತ ಪುರೋಹಿತ ಹೋರ್‌ನ ಹೆಸರು. ಕುಳಿತವನು ಒಸಿರಿಸ್, ‘ಗುಲಾಮ’ನು ಅನೂಬಿಸ್. ಸತ್ತ ಹೋರ್‌ನನ್ನು ಮಾಆತ್ ಕೈಹಿಡಿದು ಒಸಿರಿಸ್‌ನ ಸನ್ನಿಧಿಗೆ ಕರೆದೊಯ್ಯುವ ದೃಶ್ಯ ಅದು. ರಾಜನೂ ರಾಜಕುಮಾರನೂ ಎಂದು ಹೇಳಿದ ಎರಡು ಆಕೃತಿಗಳು ಹೆಂಗಸರು ಎಂಬುದು ಲಿಪಿ ಗೊತ್ತಿಲ್ಲದವರಿಗೂ ಉಡುಗೆಯಿಂದಲೇ ಗೋಚರಿಸುತ್ತದೆ. ಈ ವಿವರಣೆಗಳ ದೋಷವನ್ನು ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದ ಥಿಯೊಡ್ಯೂಲ್ ದೆವೇರಿಯಾ ಎಂಬ ವಿದ್ವಾಂಸನು ಅಚ್ಚಾದ ನಕಲುಗಳಿಂದಲೇ ಗುರುತಿಸಿ ಬರೆದದ್ದು ತುಣುಕುಗಳು ಸಿಗುವುದಕ್ಕೆ ಒಂದು ಶತಮಾನದಷ್ಟು ಹಿಂದೆ. 1912ರಲ್ಲಿ ಫ್ಲಿಂಡರ್ಸ್ ಪೆಟ್ರಿ, ಜೇಮ್ಸ್ ಬ್ರೆಸ್ಟೆಡ್ ಮೊದಲಾದ ಈಜಿಪ್ಟ್ ತಜ್ಞರನ್ನು ಕೇಳಿದಾಗಲೂ ಬಂದ ಉತ್ತರ ಇದೇ.

ಸಮರ್ಥನೆಗಳನ್ನೂ ನ್ಯಾಯವಾಗಿ ನೋಡಬೇಕು. ಅಬ್ರಹಾಮನ ಬರಹವಿದ್ದ ಭಾಗವು ಸುಟ್ಟುಹೋಗಿದೆ, ಉಳಿದದ್ದು ಬೇರೆ ಭಾಗ ಎಂಬುದು ಮೊದಲನೆಯ ವಾದ. ಇದಕ್ಕೆ ಅಡ್ಡಿಗಳು ಮೂರು ಕಡೆಯಿಂದ ಬರುತ್ತವೆ. ಅಬ್ರಹಾಮನ ಗ್ರಂಥದ ಮೊದಲ ಅಧ್ಯಾಯವೇ, ಬಲಿಪೀಠದ ರೂಪವನ್ನು ‘ಈ ದಾಖಲೆಯ ಆರಂಭದಲ್ಲಿರುವ’ ಚಿತ್ರದಲ್ಲಿ ನೋಡಿರಿ ಎಂದು ಓದುಗರಿಗೆ ಹೇಳುತ್ತದೆ. ಆರಂಭದಲ್ಲಿರುವ ಆ ಚಿತ್ರ ನಮ್ಮ ಬಳಿ ಇದೆ, ಅದರ ಪಕ್ಕದ ಬರಹ ಹೋರ್‌ನ ಉಸಿರಾಟದ ಪತ್ರ. ಎರಡನೆಯದಾಗಿ, ಸ್ಮಿತ್‌ನ ಲಿಪಿಕಾರರಾದ ಫ್ರೆಡರಿಕ್ ವಿಲಿಯಮ್ಸ್, ವಾರನ್ ಪ್ಯಾರಿಶ್, ವಿಲಿಯಮ್ ಫೆಲ್ಪ್ಸ್ ಇವರ ಕೈಬರಹದ ಪ್ರತಿಗಳು ಉಳಿದಿವೆ. ಅವುಗಳ ಎಡ ಅಂಚಿನಲ್ಲಿ ಇದೇ ಉಸಿರಾಟದ ಪತ್ರದ ಅಕ್ಷರಗಳನ್ನು ಒಂದೊಂದಾಗಿ ನಕಲು ಮಾಡಿ, ಎದುರಿಗೆ ಅಬ್ರಹಾಮನ ಗ್ರಂಥದ ಇಂಗ್ಲಿಷ್ ಪಾಠವನ್ನು ಬರೆಯಲಾಗಿದೆ. ಒಂದೆರಡು ಗೆರೆಗಳ ಚಿಹ್ನೆಯ ಎದುರು ಇಡೀ ಪ್ಯಾರಾವೇ ನಿಂತಿರುವುದನ್ನು ನೋಡಿದರೆ ಕೆಲಸ ಹೇಗೆ ನಡೆದಿರಬಹುದೆಂಬ ಅಂದಾಜು ಸಿಗುತ್ತದೆ. ಅಂಚಿನ ಅಕ್ಷರಗಳನ್ನು ಲಿಪಿಕಾರರು ಆಮೇಲೆ ತಾವಾಗಿ ಸೇರಿಸಿದರೆಂದು ಸಮರ್ಥಕರು ವಾದಿಸಿದ್ದಾರೆ. ಆದರೆ ಗುರುವಿನ ಜೊತೆಗೇ ಕುಳಿತು ಬರೆದವರು ಮೂಲ ಯಾವುದೆಂಬುದನ್ನೇ ತಪ್ಪಾಗಿ ತಿಳಿದಿದ್ದರೆಂದು ನಂಬುವುದು ಕಷ್ಟ. ಮೂರನೆಯದು ಅಳತೆಯ ಲೆಕ್ಕ. ಸುತ್ತಿಟ್ಟ ಸುರುಳಿ ಹಾಳಾದಾಗ ಒಂದೇ ಬಗೆಯ ಹರಿದ ಕಲೆ ಪ್ರತಿ ಸುತ್ತಿನಲ್ಲೂ ಮರುಕಳಿಸುತ್ತದೆ. ಒಳಗೆ ಹೋದಂತೆ ಸುತ್ತು ಚಿಕ್ಕದಾಗುವುದರಿಂದ, ಎರಡು ಕಲೆಗಳ ನಡುವಿನ ಅಂತರ ಎಷ್ಟೆಷ್ಟು ಕುಗ್ಗುತ್ತದೆಂದು ಅಳೆದರೆ ಒಳಗೆ ಇನ್ನೆಷ್ಟು ಉಳಿದಿತ್ತೆಂದು ಹೇಳಬಹುದು. ಸಭೆಯ ಪರವಾದ ಈಜಿಪ್ಟ್ ತಜ್ಞ ಜಾನ್ ಗೀ ಅವರ ಲೆಕ್ಕಕ್ಕೆ ಕಾಣೆಯಾದ ಭಾಗ 12 ಮೀಟರಿಗಿಂತ ಹೆಚ್ಚಾಯಿತು. ಆಂಡ್ರ್ಯೂ ಕುಕ್ ಮತ್ತು ಕ್ರಿಸ್ಟೊಫರ್ ಸ್ಮಿತ್ ಅವರು 2010ರಲ್ಲಿ ಮತ್ತೆ ಅಳೆದು ಹೇಳಿದ್ದು ಸುಮಾರು 56 ಸೆಂಟಿಮೀಟರ್. ಅಷ್ಟು ಜಾಗದಲ್ಲಿ ಉಸಿರಾಟದ ಪತ್ರದ ಉಳಿದ ಪಾಠ ಹಿಡಿಸುತ್ತದೆ, ಬೇರೊಂದು ಗ್ರಂಥ ಹಿಡಿಸುವುದಿಲ್ಲ.

ಎರಡನೆಯ ವಾದವು ಹೊಸದು, ಮತ್ತು ಅದಕ್ಕೆ ಸಭೆಯೇ ಬಾಗಿಲು ತೆರೆದಿದೆ. 2014ರಲ್ಲಿ ತನ್ನ ಜಾಲತಾಣದಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಉಳಿದಿರುವ ತುಣುಕುಗಳ ಅಕ್ಷರಗಳು ಅಬ್ರಹಾಮನ ಗ್ರಂಥದ ಅನುವಾದಕ್ಕೆ ಹೊಂದುವುದಿಲ್ಲವೆಂಬುದನ್ನು ಮಾರ್ಮನ್ ಮತ್ತು ಇತರ ಈಜಿಪ್ಟ್ ತಜ್ಞರಿಬ್ಬರೂ ಒಪ್ಪುತ್ತಾರೆ ಎಂದು ಸಭೆ ಬರೆದಿದೆ. ಪಪೈರಸ್ ಕೇವಲ ಪ್ರೇರಕವಾಗಿದ್ದು, ಅದನ್ನು ನೋಡುತ್ತಿದ್ದಾಗ ಸ್ಮಿತ್‌ಗೆ ದರ್ಶನವಾಗಿರಬಹುದು ಎಂಬ ಸಾಧ್ಯತೆಯನ್ನೂ ಅದು ಮುಂದಿಡುತ್ತದೆ. ನಮ್ಮೂರ ಗುಡಿಯ ಮುಂದಿನ ಶಾಸನವನ್ನು ವ್ಯಾಸರು ಸ್ವಹಸ್ತದಿಂದ ಬರೆದ ಭಾರತವೆಂದು ಒಬ್ಬರು ಓದಿ ಹೇಳಿ, ಲಿಪಿ ಬಲ್ಲವರು ಬಂದು ಇದು ಎರಡು ಮತ್ತರು ಗದ್ದೆಯ ದಾನಪತ್ರವೆಂದ ಮೇಲೆ, ಕಲ್ಲು ಬರಿಯ ನೆಪವಾಗಿತ್ತು ಎಂದಂತೆ ಇದು. ದರ್ಶನವಾಗಿಲ್ಲ ಎಂದು ಯಾರೂ ಸಾಧಿಸಲಾರರು. ಆದರೆ ಸ್ಮಿತ್ ಸ್ವತಃ ಹೇಳಿಕೊಂಡದ್ದು ದರ್ಶನವನ್ನಲ್ಲ, ತಲೆಯ ಮೇಲಿನ ಅಕ್ಷರಗಳಲ್ಲಿ ಹೆಸರಿದೆ ಎಂದು ಬೆರಳಿಟ್ಟು ತೋರಿಸಿದ ಅನುವಾದವನ್ನು.

ಮೂರನೆಯದಾಗಿ, ಬೈಬಲ್ಲಿನಲ್ಲಿಲ್ಲದ ಪ್ರಾಚೀನ ಸಂಗತಿಗಳು ಗ್ರಂಥದಲ್ಲಿವೆ, ಅವು ಸ್ಮಿತ್‌ಗೆ ಹೇಗೆ ತಿಳಿದವು ಎಂದು ಕೇಳುತ್ತಾರೆ. ಅಬ್ರಹಾಮನು ಐಗುಪ್ತದವರಿಗೆ ಖಗೋಳವಿದ್ಯೆ ಕಲಿಸಿದನೆಂಬುದು ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೀಫಸ್‌ನಲ್ಲಿದೆ. ಅವನ ಇಂಗ್ಲಿಷ್ ಅನುವಾದ ಅಂದಿನ ಅಮೆರಿಕದಲ್ಲಿ ಸುಲಭವಾಗಿ ಸಿಗುತ್ತಿತ್ತು. ಸ್ಮಿತ್‌ನ ಆಪ್ತ ಆಲಿವರ್ ಕೌಡರಿಯು 1835ರ ಕೊನೆಯಲ್ಲಿ ಇದೇ ಪಪೈರಸ್ ಕುರಿತು ಬರೆದ ಪತ್ರದಲ್ಲಿ ಜೋಸೀಫಸ್‌ನ ಹೆಸರನ್ನೇ ಎತ್ತಿದ್ದಾನೆ. ಅಬ್ರಹಾಮನ ತಂದೆ ಅನ್ಯದೇವತೆಗಳನ್ನು ಪೂಜಿಸಿದನೆಂಬುದಂತೂ ಬೈಬಲ್ಲಿನ ಯೆಹೋಶುವನ ಗ್ರಂಥದಲ್ಲೇ ಇದೆ. ಸಮರ್ಥಕರ ಬತ್ತಳಿಕೆಯಲ್ಲಿ ಸ್ವಲ್ಪ ತೂಕವುಳ್ಳ ಬಾಣವೆಂದರೆ, ಗ್ರಂಥದ ‘ಓಲಿಶೆಮ್’ ಬಯಲಿಗೆ ಹತ್ತಿರವಾದ ‘ಉಲಿಸುಮ್’ ಎಂಬ ಊರು ಪ್ರಾಚೀನ ಮೆಸೊಪೊಟೇಮಿಯದ ಅಕ್ಕಾಡದ ನರಾಮ್‌ಸಿನ್ ದೊರೆಯ ಶಾಸನದಲ್ಲಿ ಬರುವುದು. ಕುತೂಹಲದ ಸಂಗತಿಯೇ, ಆದರೆ ಹೊಸದಾಗಿ ಕಟ್ಟಿದ ಹಲವಾರು ಹೆಸರುಗಳಲ್ಲಿ ಒಂದು ಎಲ್ಲಿಯೋ ಹೋಲುವುದರಿಂದ ಐಸಿಸ್ ದೇವಿಯು ಫರೋಹ ರಾಜನಾಗುವುದಿಲ್ಲ.

ಮಾರ್ಮನ್ ಗ್ರಂಥಕ್ಕೆ ಮೂಲ ಇಲ್ಲದಿದ್ದರೂ ಒಳಸಾಕ್ಷ್ಯವಿದೆ, ಅದರಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಬೈಬಲ್ಲಿನ ಪ್ರವಾದಿ ಯೆಶಾಯನ ಅಧ್ಯಾಯಗಳು. ಕ್ರಿ.ಪೂ. 600ರ ಸುಮಾರಿಗೆ ಯೆರೂಸಲೇಮಿನಿಂದ ಹೊರಟು ಅಮೆರಿಕ ಸೇರಿದ ಕುಟುಂಬವೊಂದು ತನ್ನೊಡನೆ ತಂದಿತೆನ್ನುವ ತಗಡುಗಳಿಂದ ಈ ಗ್ರಂಥವು ಯೆಶಾಯನ ಗ್ರಂಥದ 48ರಿಂದ 54ರವರೆಗಿನ ಅಧ್ಯಾಯಗಳನ್ನು ಉದ್ಧರಿಸುತ್ತದೆ. ಆ ಅಧ್ಯಾಯಗಳು ಬಾಬಿಲೋನಿನ ಸೆರೆವಾಸದ ಕಾಲದ್ದು, ಅಂದರೆ ಅರ್ಧ ಶತಮಾನಕ್ಕೂ ಈಚಿನವು ಎಂಬುದು ಬೈಬಲ್ ವಿದ್ವಾಂಸರಲ್ಲಿ ಬಹುಮಂದಿಯ ನಿರ್ಣಯ. ಸಾಲದ್ದಕ್ಕೆ, ಉದ್ಧರಣೆಯ ಭಾಷೆ ಬಹುತೇಕ 1611ರ ಕಿಂಗ್ ಜೇಮ್ಸ್ ಬೈಬಲ್ಲಿನದೇ, ಅದರ ಅನುವಾದದ ದೋಷಗಳ ಸಮೇತ. ಇದಲ್ಲದೆ, ಕೊಲಂಬಸ್‌ಗೆ ಮುಂಚಿನ ಅಮೆರಿಕದಲ್ಲಿ ಸಾಕಿದ ಕುದುರೆ, ಉಕ್ಕು, ಗೋಧಿ, ರಥ ಇವುಗಳ ಪ್ರಸ್ತಾಪವೂ ಉಂಟು, ಇದಕ್ಕೆ ಪುರಾತತ್ವದ ಬೆಂಬಲ ಸಿಕ್ಕಿಲ್ಲ. ಅಮೆರಿಕದ ಮೂಲನಿವಾಸಿಗಳ ‘ಪ್ರಧಾನ ಪೂರ್ವಜರು’ ಈ ಜನರೇ ಎಂದು 1981ರ ಪೀಠಿಕೆ ಹೇಳುತ್ತಿತ್ತು. ಮೂಲನಿವಾಸಿಗಳ ವಂಶವಾಹಿಗಳು ಏಷ್ಯಾದ ಕಡೆ ಬೆರಳು ತೋರಿಸುತ್ತಿದ್ದ ಹೊತ್ತಿನಲ್ಲಿ, 2007ರ ಸುಮಾರಿಗೆ ಅದು ‘ಪೂರ್ವಜರಲ್ಲಿ ಸೇರಿದವರು’ ಎಂದು ಬದಲಾಯಿತು.

ಸಂಶಯವಾದಿಗಳೂ ಅವಸರದಲ್ಲಿ ಎಡವಿದ್ದುಂಟು, ಇದನ್ನು ತಾವು ತಿಳಿದಿರುವುದು ಒಳ್ಳೆಯದು. ಮಾರ್ಮನ್ ಗ್ರಂಥವು ಸಾಲೊಮನ್ ಸ್ಪಾಲ್ಡಿಂಗ್ ಎಂಬಾತನ ಅಚ್ಚಾಗದ ಕಾದಂಬರಿಯ ಕಳವು ಎಂದು ವಿರೋಧಿಗಳು ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಘಂಟಾಘೋಷವಾಗಿ ಹೇಳಿದರು. ಸ್ಪಾಲ್ಡಿಂಗನ ಹಸ್ತಪ್ರತಿಯೊಂದು 1884ರಲ್ಲಿ ಹೊನೊಲುಲುವಿನಲ್ಲಿ ಸಿಕ್ಕಾಗ ಎರಡಕ್ಕೂ ಹೇಳಿಕೊಳ್ಳುವಂತಹ ಸಂಬಂಧವೇ ಕಾಣಲಿಲ್ಲ. ಇನ್ನೂ ಅದನ್ನೇ ಹಿಡಿದು ವಾದಿಸುವವರನ್ನು ನಾನು ಗಂಭೀರವಾಗಿ ಪರಿಗಣಿಸುವುದಿಲ್ಲ. ಹಾಗೆಯೇ, ಸ್ಮಿತ್ ತಿಳಿದೂ ತಿಳಿದೂ ಮೋಸ ಮಾಡಿದನೇ, ಅಥವಾ ತನಗೆ ಆ ಶಕ್ತಿಯಿದೆಯೆಂದು ತಾನೇ ನಂಬಿದ್ದನೇ ಎಂಬ ಪ್ರಶ್ನೆಗೆ ಪಪೈರಸ್ ಉತ್ತರ ಹೇಳುವುದಿಲ್ಲ. ಬೇಕಾದವರಿಗೆ ಸುರುಳಿಗಳನ್ನು ತೋರಿಸಿದ್ದು, ಚಿತ್ರಗಳನ್ನು ತಾನಾಗಿಯೇ ಅಚ್ಚು ಹಾಕಿಸಿದ್ದು ನೋಡಿದರೆ, ಸಿಕ್ಕಿಬೀಳುವ ಭಯವಿದ್ದ ವಂಚಕನ ನಡೆಯಂತೆ ನನಗೆ ತೋರುವುದಿಲ್ಲ. ಅನುವಾದವು ಅನುವಾದವಲ್ಲ ಎಂಬುದಷ್ಟೇ ಸಿದ್ಧವಾಗಿರುವ ಮಾತು.

ಹಳೆಯ ಸುರುಳಿಯೊಂದರ ಓದು ಸರಿಯೋ ತಪ್ಪೋ ಎಂಬುದು ಪಂಡಿತರ ಜಗಳವೆಂದು ಕೈಬಿಡುವಂತಿಲ್ಲ. ಫರೋಹನ ವಂಶಕ್ಕೆ ಯಾಜಕತ್ವದ ಹಕ್ಕಿಲ್ಲವೆನ್ನುವ ಅಬ್ರಹಾಮನ ಗ್ರಂಥದ ಮೊದಲ ಅಧ್ಯಾಯದ ಸಾಲುಗಳು, ಕಪ್ಪು ವರ್ಣದ ಪುರುಷರಿಗೆ ಸಭೆಯಲ್ಲಿ ಯಾಜಕತ್ವವನ್ನು ನಿರಾಕರಿಸಲು ಆಧಾರವಾಗಿ ಬಳಕೆಯಾದವು. ಆ ನಿರ್ಬಂಧ ತೊಲಗಿದ್ದು 1978ರ ಜೂನಿನಲ್ಲಿ.

ತಮ್ಮ ಸಹೋದ್ಯೋಗಿಯೊಡನೆ ಮಾತನಾಡುವ ವಿಚಾರ. ಭಾರತದಲ್ಲಿ ಈ ಸಭೆ ಚಿಕ್ಕದು. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ ಸಭೆಯ ಅಧ್ಯಕ್ಷರು ಪ್ರಕಟಿಸಿದ್ದು 2018ರಲ್ಲಿ. ಇಲ್ಲಿನ ಸದಸ್ಯರಲ್ಲಿ ಕೆಲವರು ಕುಟುಂಬದ ಅಸಮಾಧಾನವನ್ನು ಎದುರಿಸಿಯೇ ಸೇರಿರುತ್ತಾರೆ. ಅವರ ಪಾಲಿಗೆ ಈ ಗ್ರಂಥಗಳು ಕುಡಿತ ಬಿಟ್ಟದ್ದಕ್ಕೋ ಮನೆ ನೆಟ್ಟಗಾದದ್ದಕ್ಕೋ ಸಂಬಂಧಪಟ್ಟಿರುತ್ತವೆ, ಚಿತ್ರಲಿಪಿಗಲ್ಲ. ಆದ್ದರಿಂದ ‘ನಿಮ್ಮ ಪ್ರವಾದಿ ಸುಳ್ಳ’ ಎಂದು ಆರಂಭಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವರದೇ ಸಭೆಯ 2014ರ ಪ್ರಬಂಧವನ್ನು ಓದಿದ್ದೀರಾ, ಅದರ ಬಗ್ಗೆ ತಮಗೆ ಏನನ್ನಿಸಿತು ಎಂದು ಕೇಳಿ. ಬಹಳಷ್ಟು ಸದಸ್ಯರು ಅದನ್ನು ಓದಿರುವುದಿಲ್ಲ, ಓದಿದವರಲ್ಲಿ ಕೆಲವರು ಪ್ರೇರಣೆಯ ವಾದದಿಂದ ಸಮಾಧಾನ ಹೊಂದಿರುತ್ತಾರೆ. ತುಣುಕುಗಳ ಮತ್ತು ಲಿಪಿಕಾರರ ಹಸ್ತಪ್ರತಿಗಳ ಸ್ಪಷ್ಟ ಛಾಯಾಚಿತ್ರಗಳನ್ನು ಸಭೆಯೇ ನಡೆಸುತ್ತಿರುವ ಜೋಸೆಫ್ ಸ್ಮಿತ್ ದಾಖಲೆಗಳ ಯೋಜನೆಯು ಜಾಲತಾಣದಲ್ಲಿ ಉಚಿತವಾಗಿ ಇರಿಸಿದೆ. ಅವರಿಗೆ ಇಷ್ಟವಿದ್ದರೆ ಒಟ್ಟಿಗೆ ಕುಳಿತು ಮೂರನೆಯ ಚಿತ್ರವನ್ನೂ ಅದರ ಅಡಿಯ ವಿವರಣೆಯನ್ನೂ ತೆರೆದು, ರಿಟ್ನರ್ ಅವರ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಇಷ್ಟವಿಲ್ಲವೆಂದರೆ ಒತ್ತಾಯಿಸಬೇಡಿ.